ಹೊಸ ಹಾಡು ಬೇಡವೆನ್ನುವವರು

2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ಐರನ್ ಮೇಡನ್ ತಂಡದ ಕಛೇರಿ. ಧಾರವಾಡದಲ್ಲಿ ಓದುತ್ತಿದ್ದ ನನ್ನನ್ನು ಹಾಸ್ಟೆಲಿನ ಗೆಳೆಯ ಹುಬ್ಬಳ್ಳಿಯಿಂದ ರಾತ್ರಿ ರೈಲು ಹತ್ತಿಸಿಕೊಂಡು ಹೋದ. ಹೆವಿ ಮೆಟಲ್ ಅಂದರೆ ನನಗೆ ಅಲ್ಲಿಯವರೆಗೆ ಬರೀ ಗದ್ದಲ. ಗದ್ದಲ ಹೊಸದೇನಲ್ಲ ಬಿಡಿ, ದಾಂಡೇಲಿಯ ಪೇಪರ್ ಮಿಲ್ಲಿನ ಭೋಂಗಾ ಕೇಳಿ ಬೆಳೆದವನು.

ಕಿವಿಗಿಂತ ಹೆಚ್ಚು ನನ್ನ ತಲೆಯಲ್ಲಿ ಉಳಿದದ್ದು ಗೆಳೆಯ ರೈಲಿನಲ್ಲಿ ಹೇಳಿದ ಮಾತು. ಅದು 2006ರಲ್ಲಿ ಬಂದ ‘ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್’ ಆಲ್ಬಮ್ಮಿನ ಪ್ರವಾಸ. ಮೊದಲ ಸುತ್ತಿನಲ್ಲಿ ಆಲ್ಬಮ್ಮಿನ ಹತ್ತೂ ಹಾಡುಗಳನ್ನು ಸಾಲಾಗಿ ನುಡಿಸಿ, ಆಮೇಲಷ್ಟೇ ನಾಲ್ಕೈದು ಹಳೆಯವನ್ನು ಎತ್ತಿಕೊಂಡಿದ್ದರು. ಹಳೆಯದನ್ನೇ ಕೇಳಲು ಬಂದ ಕೆಲವರು ಗೊಣಗಿದರು. ತಂಡ ಕೇರ್ ಮಾಡಲಿಲ್ಲ. ನಮ್ಮಲ್ಲಿಗೆ ಬರುವಾಗ ಹೊಸದು, ಹಳೆಯದು ಬೆರೆತಿತ್ತು. 1975ರಿಂದ ಹೆಸರು ಮಾಡಿದವರಿಗೆ ಆ ಹಠ ನಡೆಯುತ್ತದೆ.

ಹಳಿಯಾಳದ ಹಳ್ಳಿಯೊಂದರ ಸಿದ್ದಿ ಹುಡುಗರ ಡಮಾಮಿ ತಂಡಕ್ಕೆ ನಡೆಯುವುದಿಲ್ಲ. ಅವರದೂ ಪ್ರವಾಸವೇ: ಈ ಉತ್ಸವ, ಆ ಮೇಳ, ಟೆಂಪೋದಲ್ಲಿ ಡೋಲು, ಮಡಿಲಲ್ಲಿ ಬುತ್ತಿ. ವೇದಿಕೆಯಲ್ಲಿ ಸಿಗುವುದು ಹತ್ತು ನಿಮಿಷ. ಸೊಂಟಕ್ಕೆ ಎಲೆ ಕಟ್ಟಿಕೊಳ್ಳಲೇಬೇಕು.

“ನಮ್ಮಜ್ಜ ಎಲೆ ಕಟ್ಕೊಂಡು ಕುಣೀತಿದ್ದಿಲ್ಲ ಅಣ್ಣಾ. ಹೊಸಾ ಹಾಡು ಐದು ಕಟ್ಟೀವಿ. ಹೇಳಿದ್ರ, ಅದೆಲ್ಲಾ ಬ್ಯಾಡ, ಹೋದ ವರ್ಷದ್ದ ಮಾಡ್ರಿ ಅಂತಾರ” ಅಂದ ತಂಡದ ಹುಡುಗ.

ಒಂದು ಹಾಡು ಅರಣ್ಯ ಹಕ್ಕಿನ ಅರ್ಜಿಯದು. ಐರನ್ ಮೇಡನ್ ಆಲ್ಬಂ ಬಂದ ವರ್ಷವೇ ಸಂಸತ್ತು ಒಪ್ಪಿದ ಕಾಯ್ದೆ ಅದು; ಅರ್ಜಿ ಹಿಡಿದು ಕಚೇರಿ ಅಲೆಯುವ ಮುದುಕಿಯ ಮೇಲೆ ಕಟ್ಟಿದ್ದಾರೆ. ಇನ್ನೊಂದು, ಗೋವಾಕ್ಕೆ ದುಡಿಯಲು ಹೋದ ಅಣ್ಣನದು. ಡಮಾಮಿಯ ಪೆಟ್ಟು ಅದೇ, ಮಾತು ಮಾತ್ರ ಇವತ್ತಿನದು. ನಿಂತು ಕೇಳಿದೆ, ಮೈ ಜುಮ್ಮೆಂದಿತು.

ಹಾಡುಗಳ ಬಗ್ಗೆ ನಾಲ್ಕು ಪ್ಯಾರಾ ಬರೆದು ಕಳಿಸಿದೆ. ಬಂದದ್ದು ಎಲೆ ಕಟ್ಟಿದ ಹಳೆಯ ಫೋಟೋ, ಕೆಳಗೆ ‘ಕಣ್ಮನ ಸೆಳೆದ ಸಿದ್ದಿ ನೃತ್ಯ’. ಡೆಸ್ಕಿಗೆ ಫೋನ್ ಮಾಡಿದರೆ, “ಜಾಗ ಇರಲಿಲ್ಲ ಮಾರಾಯಾ” ಎಂದರು. ಸುದ್ದಿಯ ಲೆಕ್ಕದಲ್ಲಿ ದುಡ್ಡು ಎಣಿಸುವ ಸ್ಟ್ರಿಂಗರ್ ನಾನು. ಫೋಟೋದ ದುಡ್ಡಷ್ಟೇ ಬಂತು. ಜಗಳಕ್ಕೆ ನಿಂತರೆ ಆ ಜಾಗಕ್ಕೆ ಇನ್ನೊಬ್ಬ ಸಿಗುತ್ತಾನೆ. ಆದರೂ ಅದೇ ಸುದ್ದಿಯನ್ನು ಬೇರೆ ತಲೆಬರಹದಲ್ಲಿ ಎರಡನೆಯ ಸಲ ಕಳಿಸಿದ್ದೇನೆ.

ಮುಂದಿನ ತಿಂಗಳು ಮುಂಡಗೋಡದ ಹತ್ತಿರ ಅವರ ಪೈಕಿಯಲ್ಲೇ ಒಂದು ಮದುವೆ. ಎಲೆ ಇಲ್ಲ, ಹತ್ತು ನಿಮಿಷದ ಲೆಕ್ಕವಿಲ್ಲ, ಐದೂ ಹಾಡು ಹಾಡುತ್ತಾರಂತೆ. ನನಗೂ ಕರೆ ಬಂದಿದೆ.