ಬೊರಿವಲಿಯ ಕಾಡಿನಲ್ಲಿ ನಿಧಾನವಾಗಿ

ಮುಂಬಯಿಯಲ್ಲೇ ಹುಟ್ಟಿ ಬೆಳೆದ ನಮ್ಮ ತರುಣ ತರುಣಿಯರಲ್ಲಿ ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವನ್ನು ನೋಡದವರು ವಿರಳ. ಶಾಲೆಯ ಪಿಕ್‌ನಿಕ್ಕಿಗೆಂದು ಒಮ್ಮೆಯಾದರೂ ಹೋಗಿರುತ್ತಾರೆ. ಸಫಾರಿ ಬಸ್ಸು, ಕಾನ್ಹೇರಿ ಗುಹೆಗಳ ಮುಂದೆ ಒಂದು ಫೋಟೋ, ಬುತ್ತಿ ಬಿಚ್ಚಿ ಊಟ, ಅಲ್ಲಿಗೆ ಮುಗಿಯಿತು. ನೂರು ಚದರ ಕಿಲೋಮೀಟರಿಗೂ ಮಿಕ್ಕಿದ ಈ ಕಾಡು ನಮ್ಮ ಊರಿನ ಕಾಡುಗಳ ಒಡಹುಟ್ಟು ಎಂಬುದನ್ನು ಯಾರೂ ಅವರಿಗೆ ಹೇಳಿರುವುದಿಲ್ಲ. ಇಲ್ಲಿನ ಎಷ್ಟೋ ಮರಗಳು ನಿಮ್ಮ ಅಜ್ಜಿ ಹೆಸರು ಹಿಡಿದು ಕರೆಯಬಲ್ಲಂಥವು. ಅಜ್ಜಿಯ ಬಾಯಲ್ಲಿ ಕೇಳಿದ ಹೆಸರಿನ ಮರವನ್ನು ನೀವು ನೋಡಿಲ್ಲ. ನೀವು ನೋಡಿದ ಮರಕ್ಕೆ ನಿಮ್ಮ ಬಳಿ ಹೆಸರಿಲ್ಲ. ಅಜ್ಜಿ ಇರುವಷ್ಟು ದಿನ ಮಾತ್ರ ಇವೆರಡನ್ನೂ ಕೂಡಿಸಲು ಸಾಧ್ಯ.

ಇದಕ್ಕೆ ಬೇಕಾದದ್ದು ನಿಧಾನದ ನಡಿಗೆ. ಚಿರತೆ ಕಾಣಿಸೀತೆಂಬ ಆಸೆಯಿಂದ ಕಾಡಿಗೆ ಹೋಗುವವರಿಗೆ ಸಾಮಾನ್ಯವಾಗಿ ಬೇರೇನೂ ಕಾಣಿಸುವುದಿಲ್ಲ. (ಚಿರತೆಗಳು ಇವೆ. ಆದ್ದರಿಂದಲೇ ಮುಸ್ಸಂಜೆಗೆ ಮೊದಲು ಹೊರಗೆ ಬನ್ನಿ, ಪೊದೆಗಳೊಳಗೆ ನುಗ್ಗಬೇಡಿ.)

ಮೊದಲು ತೇಗದಿಂದ ಆರಂಭಿಸಿ. ಕರಾವಳಿಯ ಮನೆಗಳಲ್ಲಿ ಸಾಗುವಾನಿ ಎನ್ನುತ್ತಾರೆ, ಮರಾಠಿಯಲ್ಲಿ ಸಾಗ. ಕೆಳಗೆ ಬಿದ್ದ ಎಳೆಯ ಚಿಗುರೆಲೆ ಸಿಕ್ಕಿದರೆ ಅಂಗೈಯಲ್ಲಿಟ್ಟು ಉಜ್ಜಿ ನೋಡಿ, ಕೈ ಗೋರಂಟಿ ಹಚ್ಚಿದಂತೆ ಕೆಂಪಾಗುತ್ತದೆ. ನಿಮ್ಮ ತಂದೆ ತಾಯಿಯರನ್ನು ಕೇಳಿ, ಬಾಲ್ಯದಲ್ಲಿ ಈ ಆಟ ಆಡದವರು ಕಡಿಮೆ. ಮಳೆಗಾಲ ಮುಗಿಯುವ ಹೊತ್ತಿಗೆ ಇದೇ ಎಲೆಗೆ ಇನ್ನೊಂದು ಅವಸ್ಥೆ ಬರುತ್ತದೆ. ಒಂದು ಪತಂಗದ ಸಣ್ಣ ಮರಿಹುಳುಗಳು ಎಲೆಯ ಹಸಿರು ಭಾಗವನ್ನೆಲ್ಲ ಮೇಯ್ದು ನರಗಳನ್ನು ಹಾಗೆಯೇ ಬಿಡುತ್ತವೆ. ಆ ಎಲೆಯನ್ನು ಬಿಸಿಲಿಗೆ ಹಿಡಿದರೆ ಕಸೂತಿಯ ಜಾಲರಿ. ದೂರದಿಂದ ನೋಡಿದವರು ಮರ ಒಣಗಿತು ಎಂದುಕೊಳ್ಳುತ್ತಾರೆ. ಹತ್ತಿರ ಹೋದರೆ ಎಲೆಯ ಕೆಳಮೈಯಲ್ಲಿ ಹುಳು ಇನ್ನೂ ಕೆಲಸದಲ್ಲಿ ತೊಡಗಿರುವುದು ಕಂಡೀತು. ಹುಳುವನ್ನು ಹುಡುಕಿಕೊಂಡು ಹಕ್ಕಿಗಳೂ ಬರುತ್ತವೆ. ಹೀಗೆ ಒಂದು ತೇಗದ ಮರದ ಬುಡದಲ್ಲಿ ಅರ್ಧ ಗಂಟೆ ಕಳೆಯುವುದು ಏನೇನೂ ಕಷ್ಟವಲ್ಲ.

ಮುತ್ತುಗವನ್ನು ಗುರುತಿಸುವುದು ಇನ್ನೂ ಸುಲಭ. ಒಂದು ತೊಟ್ಟಿಗೆ ಮೂರು ಎಲೆ. ಊರಿನ ಸಮಾರಂಭಗಳಲ್ಲಿ ಕಡ್ಡಿ ಚುಚ್ಚಿ ಹೊಲಿದ ಊಟದ ಎಲೆ ನೋಡಿದ್ದರೆ ಇದನ್ನು ನೀವು ಆಗಲೇ ಬಲ್ಲಿರಿ. ಬೇಸಗೆಯ ಮೊದಲಲ್ಲಿ ಎಲೆಯೆಲ್ಲ ಉದುರಿಸಿ ಬರಿಯ ಕೊಂಬೆಯ ಮೇಲೆ ಕೇಸರಿ ಹೂ ಹೊರುತ್ತದೆ. ಮುಳ್ಳು ತುಂಬಿದ ಕಾಂಡ ಕಂಡರೆ ಅದು ಬೂರುಗ ಇರಬಹುದು, ಮರಾಠಿ ಗೆಳೆಯರ ಕಾಟೇಸಾವರ. ಹಳೆಯ ದಿಂಬುಗಳ ಹತ್ತಿ ಇದರದೇ.

ಕೊಂಬೆಗಳ ನಡುವೆ ಹಸಿರೆಲೆಗಳನ್ನು ಸೇರಿಸಿ ಹೊಲಿದ ಚೆಂಡಿನಂಥ ಗೂಡು ಕಾಣಿಸಿದರೆ ಕೈ ಹಾಕಬೇಡಿ, ದೂರ ನಿಂತು ನೋಡಿ. ಇವು ಕೆಂಪಿರುವೆಗಳು, ಮಲೆನಾಡಿನವರು ಚಗಳಿ ಎನ್ನುತ್ತಾರೆ, ಚಟ್ನಿಯನ್ನೂ ಮಾಡುತ್ತಾರೆ. ಇರುವೆಗಳು ಸಾಲಾಗಿ ನಿಂತು ಎರಡು ಎಲೆಗಳ ಅಂಚನ್ನು ಹತ್ತಿರಕ್ಕೆ ಎಳೆದು ಹಿಡಿಯುತ್ತವೆ. ಮತ್ತೆ ಕೆಲವು ತಮ್ಮ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಅತ್ತಿತ್ತ ಆಡಿಸುತ್ತವೆ. ಮರಿಯ ಬಾಯಿಂದ ಬರುವ ರೇಷ್ಮೆಯಂಥ ನೂಲಿನಿಂದಲೇ ಹೊಲಿಗೆ. ದೊಡ್ಡ ಇರುವೆಗೆ ನೂಲು ತೆಗೆಯಲು ಬರುವುದಿಲ್ಲ. ಇಂಥ ದರ್ಜಿ ಕೆಲಸವನ್ನು ಟಿಕೆಟ್ಟಿನ ಬೆಲೆಗೆ ಬೇರೆಲ್ಲೂ ತೋರಿಸಲಾರರು.

ಕಾನ್ಹೇರಿಗೆ ಹೋದಾಗಲೂ ದೊಡ್ಡ ಚೈತ್ಯವನ್ನು ನೋಡಿದ ಮೇಲೆ ಕಾಲ ಬುಡದ ಬಂಡೆಯನ್ನು ನೋಡಿ. ಮಳೆಯ ನೀರನ್ನು ತೊಟ್ಟಿಗಳಿಗೆ ಒಯ್ಯಲು ಭಿಕ್ಷುಗಳ ಕಾಲದಲ್ಲಿ ಕೊರೆದ ಸಣ್ಣ ಕಾಲುವೆಗಳಲ್ಲಿ ಆಷಾಢದಲ್ಲಿ ಇಂದೂ ನೀರು ಹರಿಯುತ್ತದೆ, ಅಂಚಿಗೆ ಹಾವಸೆ ಕಟ್ಟಿರುತ್ತದೆ. ಪ್ರಾಸಂಗಿಕವಾಗಿ ಒಂದು ಮಾತು: ಇಲ್ಲಿನ ಒಂಬತ್ತನೆಯ ಶತಮಾನದ ಶಾಸನಗಳಲ್ಲಿ ಮಳಖೇಡದ ರಾಷ್ಟ್ರಕೂಟ ದೊರೆ ಅಮೋಘವರ್ಷನ ಹೆಸರಿದೆ. ‘ಕವಿರಾಜಮಾರ್ಗ’ದ ಜೊತೆಗೆ ಹೇಳುವ ನೃಪತುಂಗ ಅವನೇ. ಹೊರನಾಡು ಎಂದು ನಾವು ಹೇಳಿಕೊಳ್ಳುವ ಈ ಬಂಡೆಯ ಮೇಲೆ ನಮ್ಮ ಹೆಸರು ಹಳೆಯದು.

ಗುಹೆಗಳ ಸುತ್ತಿನ ಇಳಿಜಾರಿನಲ್ಲಿ ಆಳೆತ್ತರ ಒತ್ತೊತ್ತಾಗಿ ಬೆಳೆಯುವ ಕಾರವಿ ಗಿಡವಿದೆ. ಕೇರಳ, ಕೊಡಗು, ಬಾಬಾಬುಡನ್‌ಗಿರಿಗಳ ಕುರಿಂಜಿಯ ಬಳಗದ್ದೇ. ಇದರ ಕೋಲುಗಳನ್ನು ಒತ್ತಾಗಿ ಕಟ್ಟಿ ಮಣ್ಣು ಮೆತ್ತಿ ಆದಿವಾಸಿಗಳು ಗೋಡೆ ಮಾಡುತ್ತಾರೆ. ಎಂಟು ವರ್ಷಕ್ಕೊಮ್ಮೆ ಗಿಡಗಳೆಲ್ಲ ಒಟ್ಟಿಗೆ ನೇರಳೆ ಹೂ ಬಿಟ್ಟು ಆಮೇಲೆ ಸಾಯುತ್ತವೆ. 2008ರಲ್ಲಿ, 2016ರಲ್ಲಿ, 2024ರಲ್ಲಿ ಹಾಗೆ ಹೂ ಬಿಟ್ಟವು. ಒಣಗಿದ ಕಾಯಿಗಳು ಮಾರನೆಯ ಮಳೆಗಾಲದ ಹೊತ್ತಿಗೆ ಚಟಚಟನೆ ಸಿಡಿದು ಬೀಜ ಚೆಲ್ಲುತ್ತವೆ. ಆ ಬೀಜದ ಗಿಡಗಳು ಹೂ ಬಿಡುವುದು 2032ರಲ್ಲಿ. ಅಷ್ಟರವರೆಗೆ ಎಲೆ ಮಾತ್ರ: ಅಂಚು ಗರಗಸದಂತೆ, ಮುಟ್ಟಿದರೆ ಒರಟು. ನಿಮ್ಮ ಊರಿನ ಕಡೆ ಇದಕ್ಕೆ ಏನೆನ್ನುತ್ತಾರೆಂದು ಫೋನಿನಲ್ಲಿ ಅಜ್ಜಿಯನ್ನು ಕೇಳಿ ಬರೆದುಕೊಳ್ಳಿ, ಸಂಘಕ್ಕೂ ತಿಳಿಸಿ. ಘಟ್ಟದ ಮೇಲೊಂದು, ಕೆಳಗೊಂದು ಹೆಸರು ಸಿಕ್ಕೀತು.