ಚೆನ್ನೈ ಶಾಪಿಂಗ್ ಮತ್ತು ಒಂದು ಸ್ಟೂಲ್

ಚೆನ್ನೈನಲ್ಲಿ ಕೆಲಸಕ್ಕಿದ್ದೀನಿ ಅಂದ್ರೆ ಸಾಕು, ಊರಿನವರು ಎರಡೇ ಪ್ರಶ್ನೆ ಕೇಳ್ತಾರೆ. "ಆ ಸೆಖೆ ಹೇಗೆ ತಡ್ಕೊಳ್ತೀಯ?" ಅನ್ನೋದು ಮೊದಲನೆಯದು. "ಸೀರೆ ಎಲ್ಲಿ ಚೆನ್ನಾಗಿ ಸಿಗುತ್ತೆ?" ಅನ್ನೋದು ಎರಡನೆಯದು. ಆರು ವರ್ಷ ಆದರೂ ಮೊದಲನೆಯದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಎರಡನೆಯದಕ್ಕೆ ಮಾತ್ರ ಈಗ ಒಂದು ಉದ್ದ ಉತ್ತರ ಇದೆ. ಮದುವೆ, ಗೃಹಪ್ರವೇಶ ಅಂತ ನೀವೂ ಇತ್ತ ಬರೋ ಯೋಚನೆಯಲ್ಲಿದ್ದರೆ ಓದಿ.

ಮೊದಲು ಎಲ್ಲರ ಬಾಯಲ್ಲೂ ಬರೋ ಹೆಸರು ಟಿ. ನಗರ, ಅಂದರೆ ತ್ಯಾಗರಾಯನಗರ. 1920ರ ದಶಕದಲ್ಲಿ ದೊಡ್ಡದೊಂದು ಕೆರೆ ಮುಚ್ಚಿ ಮಾಡಿದ ಬಡಾವಣೆ ಇದು. ಕೆರೆ ಮೇಲೆ ಲೇಔಟ್ ಮಾಡೋ ವಿದ್ಯೆ ಬೆಂಗಳೂರಿನವರದ್ದೊಂದೇ ಅಲ್ಲ ನೋಡಿ! ಪಾನಗಲ್ ಪಾರ್ಕ್ ಸುತ್ತ ರೇಷ್ಮೆ ಸೀರೆಯ ದೊಡ್ಡ ಅಂಗಡಿಗಳು. 1928ರಲ್ಲಿ ಶುರುವಾದ ನಲ್ಲಿ ಕೂಡ ಇಲ್ಲೇ ಇದೆ. ಪಕ್ಕದ ಪಾಂಡಿ ಬಜಾರಿನಲ್ಲಿ 2019ರಿಂದ ಅಗಲವಾದ ಫುಟ್‌ಪಾತ್ ಬಂದಿದೆ, ಆರಾಮಾಗಿ ನಡೀಬಹುದು. ಆದರೆ ರಂಗನಾಥನ್ ಸ್ಟ್ರೀಟಿನಲ್ಲಿ ನಾವು ನಡೆಯೋದಿಲ್ಲ, ಜನರೇ ನಮ್ಮನ್ನು ನಡೆಸಿಕೊಂಡು ಹೋಗ್ತಾರೆ. ಪಾತ್ರೆ, ಬಟ್ಟೆ, ಬಳೆ, ಬಕೆಟ್ಟು, ಚಿನ್ನ, ಎಲ್ಲವೂ ಆ ಒಂದು ಬೀದಿಯಲ್ಲಿ. ಅಲ್ಲಿಗೆ ಆಟೋ ಹಿಡೀಬೇಡಿ. ಲೋಕಲ್ ಟ್ರೇನಿನಲ್ಲಿ ಮಾಂಬಲಂ ಸ್ಟೇಷನ್ನಿಗೆ ಬನ್ನಿ, ಇಳಿದರೆ ಬೀದಿಯೇ. 2023ರಲ್ಲಿ ಸ್ಟೇಷನ್ನಿನಿಂದ ಬಸ್ ಸ್ಟ್ಯಾಂಡಿನವರೆಗೆ ಅರ್ಧ ಕಿಲೋಮೀಟರ್‌ಗೂ ಸ್ವಲ್ಪ ಹೆಚ್ಚು ಉದ್ದದ ಸ್ಕೈವಾಕ್ ಕೂಡ ಆಗಿದೆ.

ಹೋಲ್‌ಸೇಲ್ ಬೇಕು ಅಂದರೆ ಸೌಕಾರ್‌ಪೇಟ್. ಹೆಸರು ಬಿಡಿಸಿದರೆ ನಮ್ಮ ಸಾಹುಕಾರ ಪೇಟೆಯೇ. ಪಕ್ಕದ ಪ್ಯಾರಿಸ್ ಕಡೆ ಗೋಡೌನ್ ಸ್ಟ್ರೀಟಿನಲ್ಲಿ ಥಾನುಗಟ್ಟಲೆ ಬಟ್ಟೆ, ಆಂಡರ್ಸನ್ ಸ್ಟ್ರೀಟಿನಲ್ಲಿ ಲಗ್ನಪತ್ರಿಕೆ. ಲ್ಯಾಪ್‌ಟಾಪ್ ಚಾರ್ಜರ್ ಕೆಟ್ಟರೆ ಮೌಂಟ್ ರೋಡ್ ಹತ್ತಿರದ ರಿಚಿ ಸ್ಟ್ರೀಟ್. ನವರಾತ್ರಿಗೆ ಬೊಂಬೆ ಕೂರಿಸೋ ಮನೆಯವರಾದರೆ ಮೈಲಾಪುರದ ಉತ್ತರ ಮಾಡ ಬೀದಿಗೆ ಹೋಗಲೇಬೇಕು, ಹಬ್ಬಕ್ಕೆ ಮುಂಚೆ ಫುಟ್‌ಪಾತಿನುದ್ದಕ್ಕೂ ಮಣ್ಣಿನ ದೇವರುಗಳೇ ಸಾಲಾಗಿ ನಿಂತಿರ್ತಾವೆ.

ಯಾವಾಗ ಬರಬೇಕು ಅನ್ನೋದೂ ಮುಖ್ಯ. ಮೇ ತಿಂಗಳು ಬೇಡವೇ ಬೇಡ. ಆಗ ಇಲ್ಲಿ 'ಅಗ್ನಿ ನಕ್ಷತ್ರ' ಅನ್ನೋ ಕಾಲ, ನಲವತ್ತು ಡಿಗ್ರಿ ದಾಟೋದು ಮಾಮೂಲಿ. ನಮ್ಮ ಆಷಾಢದ ಹಾಗೆ ಇವರ ಆಡಿ ಮಾಸ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಆಗ ಮದುವೆ ಮಾಡೋದಿಲ್ಲ, ಹಾಗಾಗಿ ಅಂಗಡಿಗಳೆಲ್ಲ ಡಿಸ್ಕೌಂಟ್ ಹಾಕ್ತಾವೆ. ಬೆಲೆ ಕಡಿಮೆ, ಜನ ಜಾಸ್ತಿ. ವಾರದ ದಿನ ಒಂದು ರಜೆ ಹಾಕಿ, ಬೆಳಿಗ್ಗೆ ಅಂಗಡಿ ತೆಗೆಯುತ್ತಲೇ ಒಳಗಿದ್ದರೆ ನೀವು ಗೆದ್ದಿರಿ.

ಇಷ್ಟು ನಾನು ಯಾರಿಗಾದರೂ ವಾಟ್ಸಾಪಿನಲ್ಲಿ ಕಳಿಸ್ತಿದ್ದ ಲಿಸ್ಟು. ಇದಕ್ಕೆ ಇನ್ನೊಂದು ಸಾಲು ಸೇರಿಸಿದ್ದು ನನ್ನ ಅಮ್ಮ.

ಅಮ್ಮ ದಾವಣಗೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ಹನ್ನೊಂದು ವರ್ಷ ಸೇಲ್ಸ್ ಕೆಲಸ ಮಾಡಿದವಳು. ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ನಿಂತೇ ಇರಬೇಕಿತ್ತು. ಮೊದಮೊದಲು ಅಲ್ಲಿ ಬಿಳಿ ಬಟ್ಟೆ ಹಾಸಿದ ಗಾದಿ ಇತ್ತಂತೆ. ಗಿರಾಕಿಯೂ ಕೂರ್ತಿದ್ದರು, ತೋರಿಸೋರೂ ಕೂರ್ತಿದ್ದರು. ಆಮೇಲೆ ಗಾಜಿನ ಕೌಂಟರ್ ಬಂತು, ಏಸಿ ಬಂತು, ಗಾದಿ ಹೋಯ್ತು. ಗಿರಾಕಿಗೆ ಕುರ್ಚಿ ಬಂತು, ಕೆಲಸದವರಿಗೆ ಏನೂ ಬರಲಿಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲೂ ಕೂರುವ ಹಾಗಿಲ್ಲ. ಕೂತರೆ ಅಂಗಡಿ ಮಂಕಾಗಿ ಕಾಣುತ್ತೆ ಅಂತ ಮಾಲೀಕರ ಲೆಕ್ಕ. ಅಮ್ಮನ ಮೊಣಕಾಲ ಹಿಂದೆ ಉಬ್ಬಿದ ನೀಲಿ ನರಗಳನ್ನು ನೋಡಿಕೊಂಡೇ ನಾವಿಬ್ಬರು ಅಕ್ಕತಂಗಿಯರು ಬೆಳೆದದ್ದು. ರಾತ್ರಿ ಬಂದು ಬಿಸಿನೀರಲ್ಲಿ ಕಾಲಿಟ್ಟುಕೊಂಡು ಕೂತಾಗ ಮಾತ್ರ ಅವಳು ಮಾತಾಡ್ತಿದ್ದಳು. ನಮ್ಮಿಬ್ಬರ ಫೀಸು ಬಂದದ್ದು ಆ ಕಾಲುಗಳಿಂದ.

ತಂಗಿಯ ಮದುವೆಗೆ ಸೀರೆ ತಗೊಳ್ಳೋಕೆ ಅಮ್ಮ ಚೆನ್ನೈಗೆ ಬಂದಳು. ಟಿ. ನಗರದ ಒಂದು ದೊಡ್ಡ ಅಂಗಡಿ, ಮೂರನೇ ಮಹಡಿ. ನಮಗೆ ಸೀರೆ ತೋರಿಸುತ್ತಿದ್ದ ಹುಡುಗಿಗೆ ಇಪ್ಪತ್ತು ವರ್ಷವೂ ಇರಲಿಕ್ಕಿಲ್ಲ. ತಿರುನೆಲ್ವೇಲಿ ಕಡೆಯವಳು, ಅಂಗಡಿಯವರೇ ಕೊಟ್ಟ ಹಾಸ್ಟೆಲ್‌ನಲ್ಲಿ ಇರೋದು ಅಂದಳು. ಅಮ್ಮ ಸೀರೆ ನೋಡ್ತಾನೇ ಇಲ್ಲ. ಆ ಹುಡುಗಿ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಹಾಕ್ತಾ, ಮತ್ತೆ ಬದಲಾಯಿಸ್ತಾ ನಿಂತಿದ್ದಳಲ್ಲ, ಅದನ್ನೇ ನೋಡ್ತಿದ್ದಾಳೆ. "ನೀನೂ ಸ್ವಲ್ಪ ಕೂತ್ಕೊಳಮ್ಮಾ" ಅಂದಳು, ಕನ್ನಡದಲ್ಲೇ. ನಾನು "ಉಕ್ಕಾರುಂಗ" ಅಂತ ತಮಿಳಿಗೆ ಹಾಕಿದೆ. ಹುಡುಗಿ ಮೇಲಿದ್ದ ಕ್ಯಾಮೆರಾ ಕಡೆ ಒಂದು ಸಲ ನೋಡಿ ನಕ್ಕಳು. ಕೂರಲಿಲ್ಲ.

ವಿಷಯ ಏನಂದರೆ, ಅವಳು ಕೂರಬಹುದು. ಅದು ಕಾನೂನು. 2021ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡು ವಿಧಾನಸಭೆ ಅಂಗಡಿಗಳ ಕಾಯ್ದೆಗೆ ಒಂದು ತಿದ್ದುಪಡಿ ಮಾಡಿದೆ. ಕೆಲಸದ ನಡುವೆ ಬಿಡುವು ಸಿಕ್ಕಾಗ ಕೂರೋದಕ್ಕೆ ಎಲ್ಲ ಕೆಲಸಗಾರರಿಗೂ ಆಸನ ಇಟ್ಟಿರಲೇಬೇಕು ಅನ್ನೋದು ಅದರ ಸಾರ. ಕೇರಳ ಇದನ್ನು 2018ರಲ್ಲೇ ಮಾಡಿತ್ತು. ಕೋಳಿಕ್ಕೋಡಿನ ಮಿಠಾಯಿ ತೆರುವಿನ ಅಂಗಡಿಗಳಲ್ಲಿ ಕೆಲಸ ಮಾಡ್ತಿದ್ದ ಹೆಣ್ಣುಮಕ್ಕಳು ಶೌಚಾಲಯಕ್ಕೆ, ಆಮೇಲೆ ಕೂರುವ ಹಕ್ಕಿಗೆ ವರ್ಷಗಟ್ಟಲೆ ಹೋರಾಡಿದ್ದರ ಫಲ ಅದು. ರಂಗನಾಥನ್ ಸ್ಟ್ರೀಟಿನ ಅಂಗಡಿ ಹುಡುಗ ಹುಡುಗಿಯರ ಬದುಕನ್ನೇ ಕಥೆ ಮಾಡಿಕೊಂಡು 2010ರಲ್ಲಿ ವಸಂತಬಾಲನ್ 'ಅಂಗಾಡಿ ತೆರು' ಅನ್ನೋ ಸಿನಿಮಾ ಮಾಡಿದ್ದರು. ಸಿನಿಮಾ ಬಂದು ಹನ್ನೊಂದು ವರ್ಷಕ್ಕೆ ಕಾನೂನು ಬಂತು.

ಅಮ್ಮನಿಗೆ ಇದನ್ನೆಲ್ಲ ಹೇಳಿದಾಗ ಅವಳು ಸುಮ್ಮನೆ ಕೇಳಿಸಿಕೊಂಡಳು. "ಸ್ಟೂಲ್ ಇಟ್ಟರೆ ಸಾಲದು, ಕೂತಾಗ ಯಾರೂ ಬೈಬಾರದು" ಅಂದಳು. ಅನುಭವ ಇದ್ದವರ ಮಾತು. ಆಮೇಲೆ ನಾನು ಎಲ್ಲಿ ಹೋದರೂ ಸ್ಟೂಲ್ ಹುಡುಕೋದು ಅಭ್ಯಾಸ ಆಯ್ತು. ಕೆಲವು ಅಂಗಡಿಗಳಲ್ಲಿ ಕೌಂಟರ್ ಹಿಂದೆ ಕೆಂಪು ಪ್ಲಾಸ್ಟಿಕ್ ಸ್ಟೂಲ್ ಇರುತ್ತೆ, ಹುಡುಗಿಯರು ನಿಜವಾಗಲೂ ಕೂತಿರ್ತಾರೆ, ಗಿರಾಕಿ ಬಂದರೆ ಏಳ್ತಾರೆ. ಇನ್ನು ಕೆಲವು ಕಡೆ ಸ್ಟೂಲ್‌ಗಳು ಒಂದರ ಮೇಲೊಂದು ಪೇರಿಸಿ ಟ್ರಯಲ್ ರೂಮ್ ಪಕ್ಕ ಇರ್ತಾವೆ, ಮೇಲೆ ಧೂಳು. ಮತ್ತೆ ಕೆಲವು ಕಡೆ ಅದೂ ಇಲ್ಲ.

ಮೈಲಾಪುರದಲ್ಲಿ ಹೂವಿನವರು, ತರಕಾರಿಯವರು ಕೂತೇ ವ್ಯಾಪಾರ ಮಾಡ್ತಾರೆ. ಹಾಗಂತ ಅವರದ್ದು ಸುಖ ಅಂತೇನಲ್ಲ. ಅವರಿಗೆ ಸ್ಟೂಲ್ ಬದಲು ನೆಲ, ಏಸಿ ಬದಲು ಬಿಸಿಲು. ಆದರೆ ಯಾವಾಗ ಕೂರಬೇಕು, ಯಾವಾಗ ನೀರು ಕುಡೀಬೇಕು ಅಂತ ಯಾರನ್ನೂ ಕೇಳಬೇಕಿಲ್ಲ.

"ಇಷ್ಟೆಲ್ಲ ತಲೆಬಿಸಿ ಯಾಕೆ, ಫೋನಿನಲ್ಲೇ ಆರ್ಡರ್ ಮಾಡು" ಅಂತ ನನ್ನ ರೂಮ್‌ಮೇಟ್ ಹೇಳ್ತಾಳೆ. ಅವಳ ಮಾತಲ್ಲೂ ಅರ್ಥ ಇದೆ, ನಾನೂ ಆರ್ಡರ್ ಮಾಡ್ತೀನಿ. ಆದರೆ ಗೋದಾಮಿನಲ್ಲೂ ಯಾರೋ ಒಬ್ಬರು ನಿಂತೇ ಪ್ಯಾಕ್ ಮಾಡಿರ್ತಾರೆ, ಇನ್ನೊಬ್ಬರು ಇದೇ ಬಿಸಿಲಲ್ಲಿ ಬೈಕ್ ಓಡಿಸಿರ್ತಾರೆ. ಅವರ ಕಾಲು ನಮಗೆ ಕಾಣೋದಿಲ್ಲ, ಅಷ್ಟೇ. ಅಂಗಡಿಯಲ್ಲಿ ಕಾಣುತ್ತೆ. ಕಂಡಮೇಲೆ ಏನಾದರೂ ಮಾಡಬಹುದು.

ನಾವೇನು ಮಾಡಬಹುದು ಅಂತ ಅಮ್ಮನನ್ನೇ ಕೇಳಿದೆ. ಅವಳು ಹೇಳಿದ್ದು ತುಂಬಾ ಸಣ್ಣ ವಿಷಯಗಳು. ಒಳಗೆ ಹೋದ ತಕ್ಷಣ ಬಜೆಟ್ ಎಷ್ಟು, ಬಣ್ಣ ಯಾವುದು ಅಂತ ಹೇಳಿಬಿಡಿ, ಅವರಿಗೆ ಇಪ್ಪತ್ತು ಸಲ ಬಗ್ಗಿ ಏಳೋದು ತಪ್ಪುತ್ತೆ. ಬೇಡ ಅನ್ನಿಸಿದ ಸೀರೆಯನ್ನು ಪೂರ್ತಿ ಬಿಡಿಸೋಕೆ ಬಿಡಬೇಡಿ, ಮತ್ತೆ ಮಡಿಸೋದೂ ಅವರೇ. ಅಂಗಡಿ ಮುಚ್ಚೋಕೆ ಕಾಲು ಗಂಟೆ ಇದ್ದಾಗ ಒಳಗೆ ನುಗ್ಗಬೇಡಿ. ತೋರಿಸೋರು ಕೂತೇ ತೋರಿಸ್ತೀನಿ ಅಂದರೆ ಸೋಮಾರಿ ಅಂದ್ಕೋಬೇಡಿ. ಬಿಲ್ ಕೌಂಟರಿನಲ್ಲಿ ಮ್ಯಾನೇಜರ್ ಸಿಕ್ಕರೆ, "ನಿಮ್ಮ ಹುಡುಗಿಯರಿಗೆ ಕೂರೋಕೆ ಜಾಗ ಇದೆಯಲ್ಲ, ಒಳ್ಳೇದಾಯ್ತು" ಅಂತ ಒಂದು ಮಾತು ಹೇಳಿ. ಇಲ್ಲದಿದ್ದರೆ "ಯಾಕಿಲ್ಲ?" ಅಂತ ಕೇಳಿ. ಕೆಲಸದವರು ಕೇಳಿದರೆ ಕೆಲಸ ಹೋಗಬಹುದು. ನಾವು ಕೇಳಿದರೆ ನಮಗೇನೂ ಆಗಲ್ಲ.

ತಂಗಿಯ ಧಾರೆ ಸೀರೆ ಕೊನೆಗೆ ಸಿಕ್ಕಿದ್ದು ಒಂದು ಚಿಕ್ಕ ಅಂಗಡಿಯಲ್ಲಿ. ಕಾಂಚೀಪುರಂ ಸೀರೆ, ಜರಿ ಅಂಚು, ಅರಿಶಿನ ಬಣ್ಣ. ತೋರಿಸಿದ ಹೆಂಗಸು ಸ್ಟೂಲ್ ಮೇಲೆ ಕೂತೇ ಇದ್ದರು. ಅಮ್ಮ ಅವತ್ತು ಒಂದು ರೂಪಾಯಿಯೂ ಚೌಕಾಸಿ ಮಾಡಲಿಲ್ಲ, ಅದೇ ನನಗೆ ದೊಡ್ಡ ಆಶ್ಚರ್ಯ. ಹಾಗಾಗಿ ಈಗ ಯಾರಾದರೂ "ಚೆನ್ನೈನಲ್ಲಿ ಶಾಪಿಂಗ್ ಎಲ್ಲಿ?" ಅಂದರೆ ಲಿಸ್ಟಿನ ಕೊನೆಗೆ ಈ ಸಾಲೂ ಹೋಗುತ್ತೆ: ಅಂಗಡಿ ಯಾವುದಾದರೂ ಸರಿ, ಮೊದಲು ಕೌಂಟರ್ ಹಿಂದೆ ಬಗ್ಗಿ ನೋಡಿ, ಸೀರೆ ಆಮೇಲೆ ನೋಡಿ.