ತಾಯಿ ಸಿಸಿಲಿ, ತಂದೆ ಬತ್ತೀರ್

ಅಮೆರಿಕದಲ್ಲಿ ಇಟಲಿ ಮೂಲದ ಹಾಸ್ಯಗಾರರಿಗೆ ಕೊರತೆಯಿಲ್ಲ. ಅವರಲ್ಲಿ ಹಳೆಯ ತಲೆಮಾರಿನ ಹಲವರು ವೇದಿಕೆ ಹತ್ತುವ ಮುನ್ನ ತಮ್ಮ ಹೆಸರನ್ನು ಕೆಳಗಿಳಿಸಿ ಬಂದವರು. ಡಿನೋ ಕ್ರೊಸೆಟ್ಟಿ ಡೀನ್ ಮಾರ್ಟಿನ್ ಆದರು. ಪಾಸ್ಕ್ವಾಲೆ ಕಪುಟೊ ಪ್ಯಾಟ್ ಕೂಪರ್ ಆದರು. ಇಟಲಿಯ ಹೆಸರು ಅಂದಿನ ಅಮೆರಿಕದಲ್ಲಿ ಸಲೀಸಾಗಿ ಬಾಗಿಲು ತೆರೆಯುವ ಹೆಸರಾಗಿರಲಿಲ್ಲ. 1891ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಜೈಲಿಗೆ ನುಗ್ಗಿದ ಗುಂಪೊಂದು 11 ಮಂದಿ ಇಟಾಲಿಯನ್ನರನ್ನು ಕೊಂದಿತು. ಅವರ ಪೈಕಿ ಹೆಚ್ಚಿನವರು ಸಿಸಿಲಿಯವರು. ಪೊಲೀಸ್ ಮುಖ್ಯಸ್ಥನನ್ನು ಕೊಂದ ಆರೋಪ ಅವರ ಮೇಲಿತ್ತು. ಆದರೆ ವಿಚಾರಣೆ ಎದುರಿಸಿದವರಲ್ಲಿ ಒಬ್ಬನನ್ನೂ ನ್ಯಾಯಾಲಯ ಅಪರಾಧಿ ಎಂದಿರಲಿಲ್ಲ. ತೀರ್ಪಿನ ಮರುದಿನವೇ ಈ ಕೊಲೆಗಳು ನಡೆದವು.

ಇಷ್ಟನ್ನು ಮೊದಲೇ ಹೇಳಿದ್ದು ಡೀನ್ ಒಬೈದಲ್ಲಾ ಎಂಬ ಹಾಸ್ಯಗಾರನ ಬಗ್ಗೆ ಬರೆಯುವುದಕ್ಕಾಗಿ. ಅವರ ತಾಯಿಯ ಮನೆತನ ಸಿಸಿಲಿಯದು. ತಂದೆ ಫೆಲೆಸ್ತೀನಿನ ಬತ್ತೀರ್‌ನವರು. ಬೆತ್ಲೆಹೇಮಿನ ಹತ್ತಿರ ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೊಲಗಳಿರುವ, ಹಳೆಯ ಕಾಲುವೆಗಳಲ್ಲಿ ಇಂದಿಗೂ ಊಟೆಯ ನೀರು ಹರಿಯುವ ಹಳ್ಳಿ ಅದು. 2014ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸಿಸಿಲಿಗೂ ಅರಬರಿಗೂ ನಂಟು ಹೊಸತಲ್ಲ. 9ನೇ ಶತಮಾನದಿಂದ 11ನೇ ಶತಮಾನದವರೆಗೆ ಆ ದ್ವೀಪವನ್ನು ಆಳಿದವರು ಮುಸ್ಲಿಮರು. ಅಲ್ಲಿಯ ಜನ ಎಳ್ಳಿಗೆ ಈಗಲೂ ಅರಬಿಯಿಂದ ಬಂದ ಹೆಸರನ್ನೇ ಹೇಳುತ್ತಾರೆ. ಹಾಗಿರುವಾಗ ಈ ದಂಪತಿಯ ಮಗ ಎರಡು ದೂರದ ಲೋಕಗಳನ್ನು ಜೋಡಿಸಿದವನೆಂದು ಬಣ್ಣಿಸುವುದು ಸ್ವಲ್ಪ ಅತಿಯಾದೀತು. ಅವೆರಡೂ ಒಂದೇ ಕಡಲಿನ ದಡಗಳು.

ಡೀನ್ ಬೆಳೆದದ್ದು ನ್ಯೂಜೆರ್ಸಿಯಲ್ಲಿ. ಓದಿದ್ದು ಕಾನೂನು. ವಕೀಲರಾಗಿದ್ದಾಗಲೇ, ವಕೀಲರಿಗಾಗಿ ಏರ್ಪಡಿಸಿದ್ದ ಹಾಸ್ಯ ಸ್ಪರ್ಧೆಯೊಂದರಲ್ಲಿ ಮೈಕು ಹಿಡಿದರು. ಆಮೇಲೆ ಕರಿಕೋಟು ಕಳಚಿ ಎನ್‌ಬಿಸಿ ಟಿವಿಯ 'ಸ್ಯಾಟರ್‌ಡೇ ನೈಟ್ ಲೈವ್' ಕಾರ್ಯಕ್ರಮದಲ್ಲಿ ತೆರೆಯ ಹಿಂದಿನ ಕೆಲಸಕ್ಕೆ ಸೇರಿದರು. ರಾತ್ರಿ ಕ್ಲಬ್ಬುಗಳಲ್ಲಿ ನಗಿಸುವುದು ಜತೆಗೇ ನಡೆಯಿತು. ಆಗ ಅವರನ್ನು ಯಾರೂ ಅರಬ ಎಂದು ವಿಶೇಷವಾಗಿ ಗಮನಿಸಿರಲಿಲ್ಲ. ನೋಡಲು ಬಿಳಿಯ, ಮಾತು ನ್ಯೂಜೆರ್ಸಿಯದು.

2001ರ ಸೆಪ್ಟೆಂಬರ್ 11 ಇದನ್ನು ಬದಲಿಸಿತು. ಹಿಂದಿನ ರಾತ್ರಿ ಬಿಳಿಯನಾಗಿ ಮಲಗಿದವನು ಬೆಳಿಗ್ಗೆ ಅರಬನಾಗಿ ಎದ್ದೆ ಎಂಬ ಅರ್ಥದ ಮಾತು ಅವರ ಹಾಸ್ಯದಲ್ಲಿ ಪ್ರಸಿದ್ಧವಾಗಿದೆ. ನಾವು ಇದನ್ನು ಮನೆಯಲ್ಲಿ ಕಂಪ್ಯೂಟರಿನಲ್ಲಿ ನೋಡುತ್ತಿದ್ದಾಗ ಹಿರಿಯರೊಬ್ಬರು, ಅಷ್ಟೊಂದು ಜನ ನಗುತ್ತಿರುವುದು ಯಾವುದಕ್ಕೆ ಎಂದು ಕೇಳಿದರು. ಕನ್ನಡದಲ್ಲಿ ಹೇಳಿದೆವು. ಅವರು ನಗಲಿಲ್ಲ. "ಪಾಪ, ಅವನಿಗೆ ಹೆದರಿಕೆ ಆಗಲಿಲ್ಲವಾ?" ಎಂದರು. ಆ ಪ್ರಶ್ನೆಗೆ ನಮ್ಮ ಬಳಿ ಉತ್ತರವಿರಲಿಲ್ಲ. ಬಾಡಿಗೆ ಮನೆಗೆಂದು ಫೋನ್ ಮಾಡಿ, ಹೆಸರು ಹೇಳಿದ ಕೂಡಲೇ ಆ ಮನೆ ಆಗಷ್ಟೇ ಯಾರಿಗೋ ಹೋಗಿಬಿಟ್ಟಿರುವುದನ್ನು ಕೇಳಿದ ನಮ್ಮಂಥವರಿಗೆ ಈ ನಗೆಯ ಒಳಗಿನ ಕಹಿ ಬೇಗ ಗೊತ್ತಾಗುತ್ತದೆ.

ತಾಯಿಯ ಕಡೆಯ ಗುರುತನ್ನು ಮುಂದಿಟ್ಟುಕೊಂಡು ಸುಮ್ಮನಿರುವ ದಾರಿ ಅವರಿಗಿತ್ತು. ಅವರು ತಂದೆಯ ಹೆಸರಿನ ಕಡೆಗೇ ನಡೆದರು. 2003ರಲ್ಲಿ ಮೇಸೂನ್ ಜಾಯಿದ್ ಜತೆ ಸೇರಿ ನ್ಯೂಯಾರ್ಕ್ ಅರಬ್-ಅಮೆರಿಕನ್ ಹಾಸ್ಯೋತ್ಸವ ಆರಂಭಿಸಿದರು. ಮೇಸೂನ್ ಕೂಡ ನ್ಯೂಜೆರ್ಸಿಯ ಫೆಲೆಸ್ತೀನಿ ಮಗಳು. ಸೆರೆಬ್ರಲ್ ಪಾಲ್ಸಿಯಿಂದ ಕೈಕಾಲು ನಡುಗುತ್ತಿದ್ದರೂ ಅದನ್ನೇ ನಗೆಯ ಸರಕಾಗಿಸಿದವರು. (ಇವರ ಬಗ್ಗೆ ಬೇರೆಯೇ ಲೇಖನ ಬರೆಯಬೇಕು.) 2002ರಲ್ಲಿ ಅಧ್ಯಕ್ಷ ಬುಷ್ ಇರಾನ್, ಇರಾಕ್, ಉತ್ತರ ಕೊರಿಯಾಗಳನ್ನು 'ದುಷ್ಟಕೂಟ' ಎಂದು ಕರೆದಿದ್ದರಲ್ಲ, ಆ ಬೈಗುಳವನ್ನೇ ಹೆಸರಾಗಿಟ್ಟುಕೊಂಡು ಅಹಮದ್ ಅಹಮದ್, ಮಾಜ್ ಜೊಬ್ರಾನಿ, ಆರನ್ ಕಾದರ್ ಎಂಬ ಹಾಸ್ಯಗಾರರು ಊರೂರು ಸುತ್ತುತ್ತಿದ್ದರು. 2007ರಲ್ಲಿ ಅವರ ಪ್ರದರ್ಶನ ಕಾಮಿಡಿ ಸೆಂಟ್ರಲ್ ಚಾನೆಲ್‌ನಲ್ಲಿ ಪ್ರಸಾರವಾದಾಗ ಡೀನ್ ಅತಿಥಿಯಾಗಿ ಅದರಲ್ಲಿದ್ದರು.

2013ರಲ್ಲಿ ಇರಾನಿ ಮೂಲದ ನೆಗಿನ್ ಫರ್ಸಾದ್ ಜತೆ ಅವರು ನಿರ್ದೇಶಿಸಿದ ಸಾಕ್ಷ್ಯಚಿತ್ರ ಬಂತು. ಹೆಸರು 'ದ ಮುಸ್ಲಿಮ್ಸ್ ಆರ್ ಕಮಿಂಗ್!' ಮುಸ್ಲಿಂ ಹಾಸ್ಯಗಾರರ ಒಂದು ತಂಡ ಅಮೆರಿಕದ ದಕ್ಷಿಣ ಮತ್ತು ಪಶ್ಚಿಮದ ಊರುಗಳಿಗೆ ಹೋಗಿ ಉಚಿತವಾಗಿ ಕಾರ್ಯಕ್ರಮ ಕೊಡುತ್ತದೆ. ಹಗಲು ಬೀದಿ ಬದಿಯಲ್ಲಿ ಮೇಜು ಹಾಕಿ, ಮುಸ್ಲಿಮರನ್ನು ಏನು ಬೇಕಾದರೂ ಕೇಳಿ ಎಂಬ ಫಲಕ ಹಿಡಿದು ನಿಲ್ಲುತ್ತದೆ. ಮುಸ್ಲಿಮನನ್ನು ಅಪ್ಪಿಕೊಳ್ಳಿ ಎಂದೂ ಕರೆಯುತ್ತದೆ.

ಇಲ್ಲಿ ನಮ್ಮೊಳಗೇ ಭಿನ್ನಾಭಿಪ್ರಾಯವಿದೆ. ನಾವು ಕಚ್ಚುವವರಲ್ಲ ಎಂದು ಬೀದಿಯಲ್ಲಿ ನಿಂತು ಸಾಬೀತು ಮಾಡುವ ಹೊಣೆ ನಮ್ಮದೇಕೆ? ಬೇರೆ ಯಾರಿಗೂ ಇಲ್ಲದ ಈ ಪರೀಕ್ಷೆಗೆ ನಗುತ್ತಾ ಕುಳಿತರೆ ಪರೀಕ್ಷೆಯನ್ನೇ ಒಪ್ಪಿಕೊಂಡಂತಲ್ಲವೇ? ಈ ಆಕ್ಷೇಪ ಸುಲಭವಾಗಿ ತಳ್ಳಿಹಾಕುವಂಥದಲ್ಲ. ಡೀನ್ ಅವರ ಹಾಸ್ಯದಲ್ಲಿ ವಕೀಲ ಆಗಾಗ ಇಣುಕುತ್ತಾನೆ ಎಂಬುದೂ ನಿಜ. ಕೆಲವು ಕಡೆ ಅದು ನಗೆಗಿಂತ ವಾದವಾಗಿಬಿಡುತ್ತದೆ. ಆದರೆ ಮೇಜಿನ ಹತ್ತಿರ ಬಂದು ಹಿಂಜರಿಯುತ್ತಾ ಪ್ರಶ್ನೆ ಕೇಳುವ ಜನರ ಮುಖಗಳನ್ನು ಆ ಚಿತ್ರದಲ್ಲಿ ನೋಡಿದ ಮೇಲೆ, ಅಲ್ಲಿ ನಿಂತದ್ದು ವ್ಯರ್ಥವೆಂದು ಹೇಳಲು ನಮಗೆ ನಾಲಿಗೆ ಬರಲಿಲ್ಲ.

ಆ ಚಿತ್ರದ ಜಾಹೀರಾತಿನ ಕಥೆ ಚಿತ್ರಕ್ಕಿಂತ ಸ್ವಾರಸ್ಯಕರ. ನ್ಯೂಯಾರ್ಕಿನ ಸುರಂಗ ರೈಲುಗಳಲ್ಲಿ ಹಾಕಲು ಇಬ್ಬರೂ ಪೋಸ್ಟರ್ ಸಿದ್ಧಪಡಿಸಿದ್ದರು. ಒಂದರಲ್ಲಿ, ಮುಸ್ಲಿಮರ ಕುರಿತ ಕರಾಳ ಸತ್ಯವನ್ನು ಬಯಲು ಮಾಡುವವರಂತೆ ಶುರುಮಾಡಿ, ಅವರು ಫ್ರಿಟಾಟಾ ಚೆನ್ನಾಗಿ ಮಾಡುತ್ತಾರೆ ಎಂದು ಮುಗಿಸಲಾಗಿತ್ತು. ಫ್ರಿಟಾಟಾ ಎಂದರೆ ಇಟಲಿಯ ದಪ್ಪ ಆಮ್ಲೆಟ್. ಮೊದಲು ಒಪ್ಪಿದ್ದ ಸಾರಿಗೆ ಸಂಸ್ಥೆ 2015ರಲ್ಲಿ ರಾಜಕೀಯ ಜಾಹೀರಾತುಗಳನ್ನು ನಿಷೇಧಿಸಿತು. ಆ ನಿಯಮದಡಿ ಈ ಪೋಸ್ಟರ್‌ಗಳನ್ನೂ ತಿರಸ್ಕರಿಸಿತು. ಆಮ್ಲೆಟ್ ರಾಜಕೀಯವೇ? ಪ್ರಕರಣ ಫೆಡರಲ್ ನ್ಯಾಯಾಲಯಕ್ಕೆ ಹೋಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ನ್ಯಾಯಾಧೀಶೆ ಕೊಲೀನ್ ಮೆಕ್‌ಮಹೊನ್ ಹಾಸ್ಯಗಾರರ ಪರ ಆದೇಶ ಕೊಟ್ಟರು.

ಇನ್ನು ಮನೆಯ ಹಿರಿಯರು ಕೇಳಿದ್ದ ಹೆದರಿಕೆಯ ಮಾತು. 2017ರ ಮೇ 22ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಸಂಗೀತ ಕಾರ್ಯಕ್ರಮದ ಕೊನೆಗೆ ಬಾಂಬ್ ಸಿಡಿದು 22 ಮಂದಿ ಸತ್ತರು. ಕೆಲವೇ ದಿನಗಳಲ್ಲಿ 'ಡೈಲಿ ಸ್ಟಾರ್ಮರ್' ಎಂಬ ನಾಜಿವಾದಿ ಜಾಲತಾಣ, ಈ ಸ್ಫೋಟದ ಹಿಂದಿರುವುದು ಡೀನ್ ಒಬೈದಲ್ಲಾ ಎಂದು ಬರೆಯಿತು. ಪುರಾವೆಯೆಂದು ಅವರ ಹೆಸರಿನಲ್ಲಿ ಟ್ವೀಟ್‌ಗಳನ್ನು ಸೃಷ್ಟಿಸಿ ಪ್ರಕಟಿಸಿತು. ನಂಬಿದವರು ಕೊಲ್ಲುವ ಬೆದರಿಕೆ ಹಾಕತೊಡಗಿದರು. ಹಾಸ್ಯಗಾರ ಮತ್ತೆ ವಕೀಲನ ದಾರಿ ಹಿಡಿದರು. ಈ ಸಲ ಕಕ್ಷಿದಾರ ತಾವೇ. 'ಮುಸ್ಲಿಂ ಅಡ್ವೊಕೇಟ್ಸ್' ಸಂಘಟನೆಯ ನೆರವಿನಿಂದ ಅದೇ ವರ್ಷ ಆಗಸ್ಟಿನಲ್ಲಿ ಓಹಾಯೊದ ಫೆಡರಲ್ ನ್ಯಾಯಾಲಯದಲ್ಲಿ ಮಾನನಷ್ಟ ಮೊಕದ್ದಮೆ ಹೂಡಿದರು.

ಜಾಲತಾಣದ ಒಡೆಯ ಆ್ಯಂಡ್ರೂ ಆಂಗ್ಲಿನ್ ನ್ಯಾಯಾಲಯದತ್ತ ತಲೆ ಹಾಕಲಿಲ್ಲ. ಊರಿಡೀ ದ್ವೇಷ ಹಂಚುವವನಿಗೆ ಕಟಕಟೆಯಲ್ಲಿ ನಿಂತು ತನ್ನ ಬರಹವನ್ನು ಸಮರ್ಥಿಸುವ ಧೈರ್ಯ ಇರಲಿಲ್ಲ. 2019ರ ಜೂನ್‌ನಲ್ಲಿ ನ್ಯಾಯಾಲಯ ಡೀನ್‌ಗೆ 41 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪು ನೀಡಿತು. ತಲೆಮರೆಸಿಕೊಂಡವನಿಂದ ಅದನ್ನು ವಸೂಲು ಮಾಡುವುದು ಬೇರೆಯೇ ಮಾತು. ಅಷ್ಟರಲ್ಲಿ ಡೀನ್ ರೇಡಿಯೊದಲ್ಲಿ ತಮ್ಮದೇ ಮಾತಿನ ಕಾರ್ಯಕ್ರಮ ಶುರುಮಾಡಿದ್ದರು. ಕಾರ್ಯಕ್ರಮಕ್ಕೆ ಇಟ್ಟ ಹೆಸರು, 'ದ ಡೀನ್ ಒಬೈದಲ್ಲಾ ಶೋ'.